ಇಂಟರ್‌ಫೇಸ್ ಒಪ್ಪಂದವನ್ನು ಮೊದಲ ವಾರದಲ್ಲೇ ಓಡಿಸಿ ನೋಡಿ

ಸಂಕೀರ್ಣ ವ್ಯವಸ್ಥೆಯೊಂದು ಕೈಕೊಟ್ಟಾಗ ಅದರ ಭಾಗಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು ಒಂದೊಂದಾಗಿ ಪರೀಕ್ಷಿಸಿದರೆ, ಬಹಳ ಸಲ ಎಲ್ಲವೂ ಪಾಸಾಗುತ್ತವೆ. ಸೆನ್ಸರ್ ತನ್ನ ದಾಖಲೆಯಲ್ಲಿ ಬರೆದಂತೆಯೇ ನಡೆದುಕೊಳ್ಳುತ್ತದೆ, ಬ್ರೇಕ್ ಕೂಡ ಹಾಗೆಯೇ. ತಪ್ಪು ಅಡಗಿರುವುದು ಎರಡರ ನಡುವೆ, ಅವು ಸೇರುವ ಇಂಟರ್‌ಫೇಸ್ ಎಂಬ ಜಾಗದಲ್ಲಿ: ಒಂದು ತಂಡ ಬರೆದ ಸಂಖ್ಯೆಯನ್ನು ಇನ್ನೊಂದು ತಂಡ ಬೇರೆ ಅರ್ಥದಲ್ಲಿ ಓದಿಕೊಂಡಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಸೂಚಿಸುವ ಮದ್ದು ಇನ್ನಷ್ಟು ಸಭೆ, ಇನ್ನಷ್ಟು ದಾಖಲೆ. ನನ್ನ ಪ್ರಕಾರ ಆ ಮದ್ದು ರೋಗದ ಮೂಲಕ್ಕೆ ತಾಗುವುದೇ ಇಲ್ಲ. ಒಂದೇ ವಾಕ್ಯವನ್ನು ಎರಡು ರೀತಿ ಅರ್ಥಮಾಡಿಕೊಂಡ ಇಬ್ಬರು ಸಭೆಯಲ್ಲಿ ಆ ವಾಕ್ಯಕ್ಕೆ ಒಟ್ಟಿಗೇ ತಲೆಯಾಡಿಸುತ್ತಾರೆ. ಅವರ ನಡುವಿನ ಅಂತರ ಹೊರಬೀಳುವುದು ಆ ವಾಕ್ಯವನ್ನು ಲೆಕ್ಕಕ್ಕೋ ಕೋಡಿಗೋ ತಂತಿಗೋ ಇಳಿಸಿ ಓಡಿಸಿದಾಗ ಮಾತ್ರ. ಹಾಗಾಗಿ ತಂಡಗಳ ನಡುವಿನ ಸಂವಹನವನ್ನು ಸುಧಾರಿಸುವುದೂ ವಿನ್ಯಾಸವನ್ನು ಬೇಗ ಪರೀಕ್ಷೆಗೆ ಒಡ್ಡುವುದೂ ನನಗೆ ಒಂದೇ ಕೆಲಸವಾಗಿ ಕಾಣುತ್ತವೆ.

ಈ ವಿಷಯ ಬಂದಾಗಲೆಲ್ಲ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹೆಸರು ಬರುತ್ತದೆ. 1998ರ ಡಿಸೆಂಬರ್ 11ರಂದು ಹೊರಟ ಈ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳದ ಕಕ್ಷೆ ಸೇರಬೇಕಿತ್ತು. ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಾಗಿದ್ದದ್ದು ಸುಮಾರು 57 ಕಿಲೋಮೀಟರಿಗೆ ಇಳಿಯಿತು; ನೌಕೆ ಕೈತಪ್ಪಿತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಥ್ರಸ್ಟರ್‌ಗಳು (ನೌಕೆಯ ಸಣ್ಣ ಎಂಜಿನ್‌ಗಳು) ಕೊಟ್ಟ ನೂಕನ್ನು ಪೌಂಡ್-ಸೆಕೆಂಡುಗಳಲ್ಲಿ ಬರೆಯುತ್ತಿತ್ತು, ಅದನ್ನು ಓದುವ ಕಡೆಯವರು ನ್ಯೂಟನ್-ಸೆಕೆಂಡ್ ಎಂದುಕೊಂಡಿದ್ದರು. ವ್ಯತ್ಯಾಸ 4.45 ಪಟ್ಟು. ಈ ಪ್ರಕರಣವನ್ನು ‘ಏಕಮಾನ ಬರೆಯಲು ಮರೆಯಬೇಡಿ’ ಎಂಬ ಬುದ್ಧಿವಾದಕ್ಕೆ ಇಳಿಸಿಬಿಡುವುದು ವಾಡಿಕೆ. ಆದರೆ ಮೆಟ್ರಿಕ್ ಏಕಮಾನ ಬೇಕೆಂದು ಇಂಟರ್‌ಫೇಸ್ ದಾಖಲೆಯಲ್ಲಿ ಬರೆದೇ ಇತ್ತು! ಆ ಸಾಫ್ಟ್‌ವೇರ್ ಬರೆದ ಕಡತವನ್ನು ಆ ದಾಖಲೆಯ ಎದುರಿಗಿಟ್ಟು ತಾಳೆ ನೋಡುವ ಪರೀಕ್ಷೆ ನಡೆದಿರಲಿಲ್ಲ. ಹಾರಾಟದ ಮೊದಲ ನಾಲ್ಕು ತಿಂಗಳು ಕಡತದ ರಚನೆಯಲ್ಲಿದ್ದ ದೋಷಗಳಿಂದಾಗಿ ಅದನ್ನು ಬಳಸಲೇ ಆಗಲಿಲ್ಲ. ಬಳಸತೊಡಗಿದ ಮೇಲೆ ಲೆಕ್ಕ ಹೊಂದುತ್ತಿಲ್ಲವೆಂಬ ಅನುಮಾನ ಪಥ ನಿರ್ಣಯಿಸುವ ತಂಡಕ್ಕೆ ಬಂದಿತ್ತು, ಆದರೆ ಅದು ಔಪಚಾರಿಕ ದೋಷವರದಿಯ ರೂಪ ಪಡೆಯಲಿಲ್ಲ. ಒಂದೇ ಒಂದು ಥ್ರಸ್ಟರ್ ಉರಿಯನ್ನು ಕೈಯಲ್ಲಿ ಲೆಕ್ಕ ಹಾಕಿ ಕಡತದ ಸಂಖ್ಯೆಯ ಪಕ್ಕದಲ್ಲಿಟ್ಟಿದ್ದರೆ 4.45 ಪಟ್ಟಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು.

ವ್ಯತ್ಯಾಸ ಎಷ್ಟೆಂದು ಎಲ್ಲರಿಗೂ ತಿಳಿದಿದ್ದರೂ ಸಾಲದು. ರೈನ್ ನದಿಯ ಮೇಲಿನ ಲೌಫೆನ್‌ಬುರ್ಗ್ ಸೇತುವೆಯ ಒಂದು ತುದಿ ಜರ್ಮನಿಯಲ್ಲಿ, ಇನ್ನೊಂದು ಸ್ವಿಟ್ಜರ್ಲೆಂಡಿನಲ್ಲಿ. ಸಮುದ್ರಮಟ್ಟದಿಂದ ಎತ್ತರ ಅಳೆಯಲು ಎರಡು ದೇಶಗಳು ಇಟ್ಟುಕೊಂಡ ಆಧಾರಬಿಂದು ಬೇರೆ ಬೇರೆ, ನಡುವಿನ ವ್ಯತ್ಯಾಸ 27 ಸೆಂಟಿಮೀಟರ್. ವಿನ್ಯಾಸಕಾರರಿಗೆ ಇದು ಗೊತ್ತಿತ್ತು, ತಿದ್ದುಪಡಿಯನ್ನೂ ಸೇರಿಸಿದರು, ಆದರೆ ಕೂಡುವ-ಕಳೆಯುವ ಚಿಹ್ನೆ ತಿರುಗಿಹೋಯಿತು. 2003ರಲ್ಲಿ ಕೆಲಸ ನಡೆಯುತ್ತಿದ್ದಾಗ ಎರಡು ಬದಿಗಳ ನಡುವೆ 54 ಸೆಂಟಿಮೀಟರ್ ಏರುಪೇರು ಕಂಡಿತು. ಇಂಥ ಪ್ರತಿ ತಿದ್ದುಪಡಿಯ ಜೊತೆಗೂ ಒಂದು ಬಿಡಿಸಿದ ಲೆಕ್ಕ ಇರಲೇಬೇಕು: ನೆಲದ ಮೇಲೆ ಕಾಣುವ ಇಂಥ ಬಿಂದು ನಿಮ್ಮ ಲೆಕ್ಕದಲ್ಲಿ ಇಷ್ಟು ಎತ್ತರ, ನಮ್ಮ ಲೆಕ್ಕದಲ್ಲಿ ಇಷ್ಟು. ಎರಡು ಸಂಖ್ಯೆ ಅಕ್ಕಪಕ್ಕ ಇದ್ದರೆ ಚಿಹ್ನೆ ತಿರುಗಿದ್ದು ಓದುವವರಿಗೆ ತಿಳಿಯುತ್ತದೆ. ‘27 ಸೆಂ.ಮೀ. ಗಮನಿಸಿ’ ಎಂಬ ಟಿಪ್ಪಣಿಯಿಂದ ತಿಳಿಯುವುದಿಲ್ಲ.

ಒಂದು ನಿಲುಗಡೆಯ ಲೆಕ್ಕ

ತತ್ವವನ್ನು ಇಷ್ಟಕ್ಕೆ ಬಿಟ್ಟು ಒಂದು ಉದಾಹರಣೆಯನ್ನು ಕೊನೆಯವರೆಗೂ ಬಿಡಿಸೋಣ. ಗೋದಾಮಿನಲ್ಲಿ ಸರಕು ಹೊರುವ ಚಾಲಕರಹಿತ ಗಾಡಿ. ವೇಗ ಸೆಕೆಂಡಿಗೆ 1.5 ಮೀಟರ್. ಮುಂದೆ ಲೇಸರ್ ಸ್ಕ್ಯಾನರ್, 1.0 ಮೀಟರ್ ಒಳಗೆ ಯಾರಾದರೂ ಬಂದರೆ ಗಾಡಿ ಅವರನ್ನು ಮುಟ್ಟುವ ಮೊದಲು ನಿಲ್ಲಬೇಕು. ಸ್ಕ್ಯಾನರ್, ಸುರಕ್ಷತಾ ಕಂಟ್ರೋಲರ್, ನೆಟ್‌ವರ್ಕ್, ಬ್ರೇಕ್ ಎಂದು ನಾಲ್ಕು ತಂಡ.

ಮೊದಲ ಸಭೆಯಲ್ಲಿ ಪ್ರತಿ ತಂಡ ತನ್ನ ಸಂಖ್ಯೆ ಹೇಳುತ್ತದೆ. ಸ್ಕ್ಯಾನರ್ 40 ಮಿಲಿಸೆಕೆಂಡ್, ಕಂಟ್ರೋಲರ್ 20, ನೆಟ್‌ವರ್ಕ್ 10, ಬ್ರೇಕ್ 60. ಒಟ್ಟು 130 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಗಾಡಿ ಮುಂದೆ ಸಾಗುವುದು 1.5 × 0.13, ಅಂದರೆ ಸುಮಾರು 0.20 ಮೀಟರ್. ಬ್ರೇಕ್ ಹಿಡಿದ ಮೇಲೆ ವೇಗ ತಗ್ಗುವ ದರ ಸೆಕೆಂಡಿಗೆ 2.0 ಮೀಟರ್/ಸೆಕೆಂಡ್ ಎಂದು ಬ್ರೇಕ್ ತಂಡ ಹೇಳುತ್ತದೆ. ವೇಗದ ವರ್ಗವನ್ನು ಆ ದರದ ಎರಡರಷ್ಟರಿಂದ ಭಾಗಿಸಿದರೆ 2.25 ÷ 4, ಸುಮಾರು 0.56 ಮೀಟರ್. ಎಲ್ಲ ಸೇರಿ 0.76 ಮೀಟರ್. ಮೀಟರಿನಲ್ಲಿ 24 ಸೆಂಟಿಮೀಟರ್ ಉಳಿಯಿತೆಂದು ಎಲ್ಲರೂ ನೆಮ್ಮದಿಯಿಂದ ಎದ್ದು ಹೋಗುತ್ತಾರೆ.

ಈಗ ಅದೇ ಸಂಖ್ಯೆಗಳನ್ನು ಒಂದು ಸ್ಪ್ರೆಡ್‌ಶೀಟಿಗೆ ಹಾಕಿ, ಪ್ರತಿ ಸಾಲಿಗೂ ಎರಡು ಕಾಲಂ ಸೇರಿಸಿ: ಗಡಿಯಾರ ಯಾವ ಘಟನೆಯಿಂದ ಶುರು, ಯಾವ ಘಟನೆಗೆ ನಿಲ್ಲುತ್ತದೆ. ಇಡೀ ಹಾಳೆಯಲ್ಲಿ ಇವೆರಡಕ್ಕಿಂತ ಬೆಲೆಬಾಳುವ ಕಾಲಂ ಇಲ್ಲ. ತುಂಬಲು ಕೂತ ತಕ್ಷಣ ಸಂಖ್ಯೆಗಳು ಬದಲಾಗತೊಡಗುತ್ತವೆ.

ಸ್ಕ್ಯಾನರ್ ತಂಡದ 40 ಮಿಲಿಸೆಕೆಂಡ್ ಒಂದು ಸುತ್ತಿನ ಅವಧಿ. ಧೂಳಿನ ಕಣಕ್ಕೆಲ್ಲ ಗಾಡಿ ನಿಲ್ಲಬಾರದೆಂದು ಸತತ ಎರಡು ಸುತ್ತಿನಲ್ಲಿ ಕಂಡರೆ ಮಾತ್ರ ಅದು ಎಚ್ಚರಿಕೆ ಕೊಡುತ್ತದೆ. ಕಿರಣ ಹಾದುಹೋದ ಮರುಕ್ಷಣವೇ ಕಾಲು ಒಳಬಂದರೆ ಮೊದಲ ಸಲ ಕಾಣಲು 40, ಎರಡನೇ ಸಲ ಕಾಣಲು ಇನ್ನೊಂದು 40, ಒಟ್ಟು 80. ಕಂಟ್ರೋಲರಿನ 20 ಮಿಲಿಸೆಕೆಂಡ್ ಅದರ ಸುತ್ತಿನ ಅವಧಿ. ಒಳಬರುವ ಸಿಗ್ನಲ್‌ಗಳನ್ನು ಸುತ್ತಿನ ಆರಂಭದಲ್ಲಿ ಓದಿ, ಉತ್ತರವನ್ನು ಸುತ್ತಿನ ಕೊನೆಗೆ ಬರೆಯುತ್ತದೆ. ಓದಿ ಮುಗಿಸಿದ ಮೇಲೆ ಸಿಗ್ನಲ್ ಬಂದರೆ ಒಂದು ಸುತ್ತು ಕಾಯಬೇಕು, ಇನ್ನೊಂದು ಸುತ್ತು ಲೆಕ್ಕಕ್ಕೆ, ಒಟ್ಟು 40. ನೆಟ್‌ವರ್ಕಿನಲ್ಲಿ ಪ್ರತಿ 10 ಮಿಲಿಸೆಕೆಂಡಿಗೆ ಒಂದು ಸಂದೇಶ, ಒಂದು ಸಂದೇಶ ಕಳೆದುಹೋದರೂ ಸಹಿಸಬೇಕೆಂಬುದು ನಿಯಮ, ಹಾಗಾದರೆ 20. ಬ್ರೇಕ್ ತಂಡದ 60 ಮಿಲಿಸೆಕೆಂಡ್ ವಿದ್ಯುತ್ ಕಡಿದ ಕ್ಷಣದಿಂದ ಬ್ರೇಕ್ ಪ್ಯಾಡ್ ತಾಗುವ ಕ್ಷಣದವರೆಗೆ. ಪೂರ್ಣ ಹಿಡಿತ ಬರುವುದು 110ಕ್ಕೆ. ವೇಗ ತಗ್ಗುವ ದರ 2.0 ಎಂದದ್ದು ಖಾಲಿ ಗಾಡಿಗೆ. ಪೂರ್ತಿ ಸರಕು ಹೇರಿದಾಗ 1.2.

ಹೊಸ ಮೊತ್ತ 250 ಮಿಲಿಸೆಕೆಂಡ್, ಅಂದರೆ 0.375 ಮೀಟರ್. ಬ್ರೇಕ್ ಹಿಡಿದ ಮೇಲಿನ ದೂರ 2.25 ÷ 2.4, ಸುಮಾರು 0.94 ಮೀಟರ್. ಒಟ್ಟು 1.31 ಮೀಟರ್. ಗಾಡಿ ಮನುಷ್ಯನನ್ನು ದಾಟಿ 31 ಸೆಂಟಿಮೀಟರ್ ಮುಂದೆ ನಿಲ್ಲುತ್ತದೆ.

ಯಾವ ತಂಡವೂ ಸುಳ್ಳು ಹೇಳಿರಲಿಲ್ಲ. ಸ್ಕ್ಯಾನರಿನ ದಾಖಲೆಯಲ್ಲಿ 40 ಎಂದೇ ಇದೆ, ಬ್ರೇಕಿನ ದಾಖಲೆಯಲ್ಲಿ 60 ಎಂದೇ ಇದೆ. ಈ ಲೆಕ್ಕ ಮೊದಲ ವಾರದಲ್ಲಿ ಸಿಕ್ಕರೆ ಪರಿಹಾರ ಸುಲಭ. ವೇಗವನ್ನು 1.2 ಮೀಟರಿಗೆ ಇಳಿಸಿದರೆ 0.30 + 0.60 = 0.90 ಮೀಟರ್, 10 ಸೆಂಟಿಮೀಟರ್ ಉಳಿಯುತ್ತದೆ. ಅಥವಾ ರಕ್ಷಣಾ ವಲಯವನ್ನು 1.5 ಮೀಟರಿಗೆ ಹಿಗ್ಗಿಸಬಹುದು, ಆದರೆ ಆಗ ಮೂಲೆ ತಿರುಗುವಾಗ ಕಪಾಟಿನ ಕಾಲುಗಳನ್ನೇ ಕಂಡು ಗಾಡಿ ಪದೇ ಪದೇ ನಿಲ್ಲುತ್ತದೆ. ವೇಗ ಇಳಿಸಿದರೆ ಗಂಟೆಗೆ ಸಾಗಿಸುವ ಸರಕು ಕಡಿಮೆಯಾಗುತ್ತದೆ. ಈ ಆಯ್ಕೆಯನ್ನು ನಾಲ್ಕು ತಂಡಗಳಲ್ಲಿ ಯಾರೊಬ್ಬರೂ ತಾವೇ ಮಾಡಬಾರದು. ಗಾಡಿಯನ್ನು ಬಳಸುವವರ ಮುಂದೆ ಸಂಖ್ಯೆಗಳ ಸಮೇತ ಇಡಬೇಕು. ಬ್ರೇಕ್ ಕೊಂಡು, ಚೌಕಟ್ಟು ಎರಕ ಹೊಯ್ದು ಆದ ಮೇಲೆ ಇದೇ ಸಂಗತಿ ತಿಳಿದರೆ ಆಯ್ಕೆಗಳೇ ಉಳಿದಿರುವುದಿಲ್ಲ.

ಈ ಹಾಳೆಯಲ್ಲಿ ಇನ್ನೊಂದು ಕಾಲಂ ಬೇಕು: ಸಂಖ್ಯೆಯ ಮೂಲ. ‘ಊಹೆ’, ‘ತಯಾರಕರ ದಾಖಲೆ’, ‘ಅಳೆದದ್ದು’ ಎಂಬ ಮೂರರಲ್ಲಿ ಒಂದನ್ನು ಮಾತ್ರ ಬರೆಯಲು ಬಿಡಿ. ಮೊದಲ ದಿನ ಬಹುತೇಕ ಸಾಲುಗಳಲ್ಲಿ ‘ಊಹೆ’ ಇದ್ದರೆ ನಾಚಿಕೆಪಡಬೇಕಿಲ್ಲ. ಊಹೆಯನ್ನು ಊಹೆಯೆಂದು ಬರೆಯುವ ಧೈರ್ಯವಿರುವ ತಂಡದ ಹಾಳೆಯನ್ನು ನಾನು ಹೆಚ್ಚು ನಂಬುತ್ತೇನೆ.

ಒಂದು ಸಿಗ್ನಲ್ಲಿಗೆ ಎಷ್ಟು ಬರೆಯಬೇಕು

‘ವೇಗ’ ಎಂಬ ಒಂದೇ ಸಿಗ್ನಲ್ ತೆಗೆದುಕೊಳ್ಳಿ. ಮೋಟಾರ್ ಕಂಟ್ರೋಲರ್ ಕಳುಹಿಸುತ್ತದೆ, ಸುರಕ್ಷತಾ ಕಂಟ್ರೋಲರ್ ಓದುತ್ತದೆ. ಹೆಸರು, ಏಕಮಾನ, ವ್ಯಾಪ್ತಿ ಬರೆದು ಮುಗಿಸುವವರೇ ಹೆಚ್ಚು. ಇಷ್ಟು ಸಾಲದು. 16 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕ, ಒಂದು ಅಂಕಕ್ಕೆ ಸೆಕೆಂಡಿಗೆ 0.001 ಮೀಟರ್ ಎಂದರೆ ಮೇಲ್ಮಿತಿ 32.767 ಮೀಟರ್, ಈ ಗಾಡಿಗೆ ಧಾರಾಳ. ಚಿಹ್ನೆ: ಸ್ಕ್ಯಾನರ್ ಇರುವ ದಿಕ್ಕಿಗೆ ಚಲಿಸಿದರೆ ಧನ. ‘ಮುಂದಕ್ಕೆ’ ಎಂದು ಬರೆಯಬೇಡಿ. ಎರಡೂ ದಿಕ್ಕಿಗೆ ಓಡುವ ಗಾಡಿಯಲ್ಲಿ ಮುಂದು ಯಾವುದೆಂದು ಪ್ರತಿ ತಂಡಕ್ಕೂ ತನ್ನದೇ ಅಭಿಪ್ರಾಯವಿರುತ್ತದೆ. ಅಳೆಯುವ ಜಾಗ: ಮೋಟಾರಿನ ದಂಡವೋ, ಗೇರ್ ದಾಟಿದ ಮೇಲಿನ ಚಕ್ರವೋ? ಚಕ್ರ ಸವೆದು ವ್ಯಾಸ ಕಡಿಮೆಯಾದರೆ ಲೆಕ್ಕ ತಿದ್ದುವವರು ಯಾರು?

ನಂತರ ಬರುವವು ಸಮಯದ ಸಂಗತಿಗಳು. ಎಷ್ಟು ಹೊತ್ತಿಗೊಮ್ಮೆ ಕಳುಹಿಸಬೇಕು, ಕೈಗೆ ಬಂದಾಗ ಆ ಅಳತೆ ಎಷ್ಟು ಹಳೆಯದಾಗಿರಬಹುದು, ಎಷ್ಟು ಹೊತ್ತು ಬಾರದಿದ್ದರೆ ಕಳೆದುಹೋಯಿತೆಂದು ತೀರ್ಮಾನಿಸಬೇಕು, ಆಗ ಏನು ಮಾಡಬೇಕು. ಇವುಗಳಲ್ಲಿ ‘ಎಷ್ಟು ಹಳೆಯದು’ ಎಂಬುದನ್ನು ಬರೆದಿರುವ ದಾಖಲೆ ಅಪರೂಪ. 10 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಬರುವ ಸಂದೇಶದೊಳಗೆ 100 ಮಿಲಿಸೆಕೆಂಡ್ ಹಳೆಯ, ಫಿಲ್ಟರ್ ಹಾದು ಬಂದ ಅಳತೆ ಇರಬಹುದು.

ಮೂರನೆಯದಾಗಿ ಆರಂಭದ ಬೆಲೆ. ವಿದ್ಯುತ್ ಬಂದ ಕೂಡಲೇ, ಚಕ್ರದ ತಿರುಗುವಿಕೆ ಅಳೆಯುವ ಎನ್‌ಕೋಡರ್ ಇನ್ನೂ ಸಿದ್ಧವಾಗುವ ಮೊದಲು, ಆ ಸಿಗ್ನಲ್‌ನಲ್ಲಿ ಏನಿರಬೇಕು? ಬಹುತೇಕ ಕೋಡುಗಳಲ್ಲಿ ಅದು ತಾನಾಗಿಯೇ ಸೊನ್ನೆ. ವೇಗದ ವಿಷಯದಲ್ಲಿ ಸೊನ್ನೆಗೆ ‘ಗಾಡಿ ನಿಂತಿದೆ’ ಎಂಬ ಗಟ್ಟಿ ಅರ್ಥವಿದೆ, ಅದನ್ನು ನಂಬಿ ಬಾಗಿಲಿನ ಬೀಗ ತೆರೆಯುವ ತರ್ಕ ಇನ್ನೆಲ್ಲೋ ಇರಬಹುದು. −32768 ಎಂಬ ಬೆಲೆಯನ್ನು ‘ತಿಳಿದಿಲ್ಲ’ ಎಂಬುದಕ್ಕೆ ಮೀಸಲಿಡಿ. ಚಾಲೂ ಆದಾಗ ಮತ್ತು ದೋಷ ಕಂಡಾಗ ಅದನ್ನೇ ಕಳುಹಿಸಬೇಕೆಂದು ಬರೆಯಿರಿ. ಕೊನೆಗೆ ಎರಡೂ ಕಡೆಯ ಹೊಣೆಗಾರರ ಹೆಸರು, ಆವೃತ್ತಿ ಸಂಖ್ಯೆ. ಇಲಾಖೆಯ ಹೆಸರು ಬೇಡ, ವ್ಯಕ್ತಿಯ ಹೆಸರು ಬೇಕು.

ಇದೇ ಶಿಸ್ತು ಅಗತ್ಯಗಳ ಪಟ್ಟಿಗೂ ಹೊಂದುತ್ತದೆ. ‘ಅಡ್ಡಿ ಬಂದರೆ ಗಾಡಿ ಬೇಗ ನಿಲ್ಲಬೇಕು’ ಎಂಬುದನ್ನು ಯಾರೂ ಪರೀಕ್ಷಿಸಲಾರರು. ‘ಪೂರ್ತಿ ಸರಕು ಹೇರಿ, ಒಣ ನೆಲದ ಮೇಲೆ, ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿರುವಾಗ ರಕ್ಷಣಾ ವಲಯದ ಅಂಚಿನಲ್ಲಿ ನಿಗದಿತ ಅಳತೆಯ ಕಡ್ಡಿ ಕಾಣಿಸಿಕೊಂಡರೆ, ಗಾಡಿಯ ಮುಂಬಂಪರ್ 0.95 ಮೀಟರ್ ಸಾಗುವುದರೊಳಗೆ ನಿಲ್ಲಬೇಕು’ ಎಂದರೆ ಪರೀಕ್ಷೆಯ ಅರ್ಧ ಕೆಲಸ ಆ ವಾಕ್ಯದಲ್ಲೇ ಮುಗಿದಿದೆ. ಒಂದು ಅಗತ್ಯವನ್ನು ಬರೆದ ದಿನವೇ ಅದರ ಪರೀಕ್ಷೆಯನ್ನೂ ಎರಡು ಸಾಲಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಆ ಅಗತ್ಯ ಇನ್ನೂ ಹಣ್ಣಾಗಿಲ್ಲ.

ನಕಲಿ ಭಾಗ ಕೆಟ್ಟದ್ದನ್ನೂ ಆಡಿ ತೋರಿಸಲಿ

ಹಾಳೆ ಸಿದ್ಧವಾದ ಕೂಡಲೇ ನಿಜವಾದ ಭಾಗಕ್ಕೆ ಕಾಯದೆ ಸ್ಟಬ್ ಬರೆಯಬೇಕು, ಅಂದರೆ ಆ ಭಾಗದಂತೆ ಸಿಗ್ನಲ್ ಕೊಡುವ ನಕಲಿ. ಯಾರು ಬರೆಯಬೇಕು ಎಂಬುದು ಮುಖ್ಯ ಪ್ರಶ್ನೆ. ಓದುವ ತಂಡವೇ ತನಗೆ ಬೇಕಾದ ಸ್ಟಬ್ ಬರೆದುಕೊಂಡರೆ ಅದರ ತಪ್ಪು ಗ್ರಹಿಕೆ ಸ್ಟಬ್‌ನಲ್ಲೂ ಕೂತಿರುತ್ತದೆ, ಎಲ್ಲ ಪರೀಕ್ಷೆಯೂ ಹಸಿರು ತೋರಿಸುತ್ತದೆ. ಕಳುಹಿಸುವ ತಂಡ ಸ್ಟಬ್ ಬರೆದು ಕೊಡಲಿ, ಓದುವ ತಂಡ ಪರೀಕ್ಷೆಗಳನ್ನು ಬರೆದು ಕೊಡಲಿ. ಎರಡು ತಲೆಗಳ ಗ್ರಹಿಕೆ ಡಿಕ್ಕಿ ಹೊಡೆಯಬೇಕಾದ ಜಾಗ ಇದೇ. ಎರಡು ಡೆವಲಪ್‌ಮೆಂಟ್ ಬೋರ್ಡ್, ಅವುಗಳ ನಡುವೆ ಸಂದೇಶ ಸಾಗಿಸುವ ಒಂದು ಕ್ಯಾನ್ ಬಸ್ (ಎರಡು ತಂತಿಯ ನೆಟ್‌ವರ್ಕ್), ಅದರ ಎರಡು ತುದಿಗೆ 120 ಓಮ್ ರೋಧಕ ಇದ್ದರೆ ಮೇಜಿನ ಮೇಲೆ ಮೊದಲ ಸಂಭಾಷಣೆ ನಡೆಸಬಹುದು. ಬೈಟ್‌ಗಳ ಕ್ರಮ ತಿರುವುಮುರುವಾಗಿರುವುದು, ಬಿಟ್ ಎಣಿಕೆ ಒಬ್ಬರದು ಸೊನ್ನೆಯಿಂದ ಇನ್ನೊಬ್ಬರದು ಒಂದರಿಂದ ಇರುವುದು ಇಂಥವು ಅಲ್ಲೇ ಸಿಕ್ಕಿಬೀಳುತ್ತವೆ.

ಅಚ್ಚುಕಟ್ಟಾದ ಸಿಗ್ನಲ್ ಕೊಡುವ ಸ್ಟಬ್‌ನಿಂದ ಅರ್ಧ ಲಾಭವಷ್ಟೇ. ತಡವಾಗಿ ಕಳುಹಿಸುವುದು, ನಡುನಡುವೆ ಬಿಡುವುದು, ಹಳೆಯ ಬೆಲೆಯನ್ನೇ ಮತ್ತೆ ಮತ್ತೆ ಕೊಡುವುದು, ಒಮ್ಮೆಲೇ ಹಾರುವುದು, ಚಿಹ್ನೆ ತಿರುಗಿಸುವುದು ಇವಿಷ್ಟಕ್ಕೂ ಒಂದೊಂದು ಸ್ವಿಚ್ ಅದರಲ್ಲಿರಲಿ. ಇವುಗಳಲ್ಲಿ ಹೆಪ್ಪುಗಟ್ಟಿದ ಬೆಲೆ ಎಲ್ಲಕ್ಕಿಂತ ಅಪಾಯಕಾರಿ. ಸಂದೇಶ ಸಮಯಕ್ಕೆ ಸರಿಯಾಗಿ ಬರುತ್ತಿರುತ್ತದೆ, ವ್ಯಾಪ್ತಿಯೊಳಗೇ ಇರುತ್ತದೆ, ಆದರೆ ಕಳುಹಿಸುವ ಕಡೆ ಅಳತೆಯ ಕೆಲಸ ನಿಂತುಹೋಗಿ ಕಳುಹಿಸುವ ಕೆಲಸ ಮಾತ್ರ ನಡೆದಿರುತ್ತದೆ. ಇದಕ್ಕೆಂದೇ ಸಂದೇಶದಲ್ಲಿ 4 ಬಿಟ್‌ನ ಕೌಂಟರ್ ಇಡುತ್ತಾರೆ. ಆ ಕೌಂಟರನ್ನು ಏರಿಸುವ ಕೋಡು ಅಳತೆಯ ಕೆಲಸದೊಳಗೇ ಇರಬೇಕು. ಕಳುಹಿಸುವ ಕೆಲಸದೊಳಗೆ ಇಟ್ಟರೆ ಅಳತೆ ಸತ್ತ ಮೇಲೂ ಕೌಂಟರ್ ಓಡುತ್ತಲೇ ಇರುತ್ತದೆ, ಇಟ್ಟ ಉದ್ದೇಶವೇ ವ್ಯರ್ಥ.

ಖಾಲಿ ಚೌಕದಲ್ಲಿ ಅಡಗಿದ್ದು

ಇಷ್ಟೆಲ್ಲ ಬರೆದದ್ದು ಇದೆ ಎಂದು ಗೊತ್ತಿರುವ ಇಂಟರ್‌ಫೇಸ್‌ಗಳ ಬಗ್ಗೆ. ಗೊತ್ತೇ ಇಲ್ಲದವುಗಳನ್ನು ಹುಡುಕಲು ಎನ್-ಸ್ಕ್ವೇರ್ ಚಾರ್ಟ್ ಎಂಬ ಹಳೆಯ ಸರಳ ಸಾಧನವಿದೆ. ಉಪವ್ಯವಸ್ಥೆಗಳನ್ನು ಕರ್ಣದ ಮೇಲೆ ಬರೆದು, ಯಾವುದು ಯಾವುದಕ್ಕೆ ಏನು ಕೊಡುತ್ತದೆ ಎಂಬುದನ್ನು ಉಳಿದ ಚೌಕಗಳಲ್ಲಿ ತುಂಬುವುದು. 12 ಉಪವ್ಯವಸ್ಥೆಗಳಿದ್ದರೆ 132 ಚೌಕ, 66 ಜೋಡಿ. ಬಹುಪಾಲು ಖಾಲಿ ಉಳಿಯುತ್ತವೆ. ಖಾಲಿ ಬಿಡಬೇಡಿ. ‘ಏನೂ ಇಲ್ಲ’ ಎಂದು ಬರೆದು, ಬರೆದವರ ಹೆಸರು ಹಾಕಿಸಿ. ಸಹಿ ಹಾಕಬೇಕಾಗಿ ಬಂದಾಗ ಜನ ಒಂದು ಕ್ಷಣ ನಿಂತು ಯೋಚಿಸುತ್ತಾರೆ. ಶಾಖ, ಕಂಪನ, ಜಾಗ, ಗ್ರೌಂಡ್ ಕರೆಂಟ್, ರಿಪೇರಿ ಮಾಡುವವರ ಕೈ ಹೋಗಬೇಕಾದ ದಾರಿ ಆಗ ನೆನಪಾಗುತ್ತವೆ.

ಮೋಟಾರ್ ಕಂಟ್ರೋಲರಿಗೂ ಅನಲಾಗ್ ಸೆನ್ಸರಿಗೂ ಸಂಬಂಧವೇ ಇಲ್ಲವೆಂದು ಯಾರಾದರೂ ಬರೆಯಬಹುದು. ಎರಡೂ ಒಂದೇ ಗ್ರೌಂಡ್ ತಂತಿಯನ್ನು ಹಂಚಿಕೊಂಡಿದ್ದು, ಅದರ ರೋಧ 5 ಮಿಲಿಓಮ್ ಇದ್ದು, ಮೋಟಾರಿನ 40 ಆಂಪಿಯರ್ ಅದರ ಮೂಲಕ ಹಿಂತಿರುಗಿದರೆ ಸೆನ್ಸರಿನ ಸೊನ್ನೆ 0.2 ವೋಲ್ಟ್ ಮೇಲೇರುತ್ತದೆ. 0–5 ವೋಲ್ಟ್ ಸೆನ್ಸರಿಗೆ ಅದು ಶೇ. 4ರಷ್ಟು ತಪ್ಪು, ಅದೂ ಗಾಡಿ ವೇಗ ಹೆಚ್ಚಿಸಿಕೊಳ್ಳುವಾಗ ಮಾತ್ರ. ಅದೇ ರೀತಿ 2 ಕಿಲೋವಾಟ್ ಕಂಟ್ರೋಲರಿನ ದಕ್ಷತೆ ಶೇ. 95 ಆಗಿದ್ದರೆ ಸುಮಾರು 100 ವಾಟ್ ಶಾಖವಾಗಿ ಹೊರಬೀಳುತ್ತದೆ. ಪಕ್ಕದಲ್ಲೇ ಲಿಥಿಯಂ ಬ್ಯಾಟರಿ ಕೂತಿದ್ದರೆ, ಚಾರ್ಜ್ ಮಾಡುವಾಗ ಅಂಥ ಸೆಲ್‌ಗಳಿಗೆ ಸಾಮಾನ್ಯವಾಗಿ ಹೇಳುವ 45 ಡಿಗ್ರಿ ಸೆಲ್ಸಿಯಸ್ ಮಿತಿ ಯಾವಾಗ ದಾಟಿತೆಂದು ಎರಡೂ ತಂಡಗಳಿಗೆ ತಿಳಿಯುವುದಿಲ್ಲ. ಯಾವ ಸಿಗ್ನಲ್ ಪಟ್ಟಿಯಲ್ಲೂ ಈ ಶಾಖಕ್ಕೆ ಸಾಲು ಇರುವುದಿಲ್ಲ.

ಊಹೆಗಳ ಪಟ್ಟಿ

ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ 1996ರ ಜೂನ್ 4ರಂದು, ಮುಖ್ಯ ಎಂಜಿನ್ ಹೊತ್ತಿದ ಸುಮಾರು 37 ಸೆಕೆಂಡಿಗೆ ದಾರಿ ತಪ್ಪಿತು. ಸ್ಥಾನ ಅಳೆಯುವ ಘಟಕದ ಸಾಫ್ಟ್‌ವೇರ್ ಹಿಂದಿನ ರಾಕೆಟ್ ಏರಿಯಾನ್ 4ರಿಂದ ಬಂದದ್ದು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಿಸುವಾಗ ಅದು 32767ರ ಮಿತಿ ಮೀರಿತು. ಮೀಸಲು ಘಟಕದಲ್ಲೂ ಅದೇ ಸಾಫ್ಟ್‌ವೇರ್ ಇದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತಿತು. ಇದನ್ನು ಅಜಾಗರೂಕತೆ ಎನ್ನಲಾಗದು. ಅಪಾಯವಿರುವ ಏಳು ಚರಗಳನ್ನು ಗುರುತಿಸಿ, ಪ್ರೊಸೆಸರ್ ಮೇಲಿನ ಹೊರೆ ಶೇ. 80 ಮೀರಬಾರದೆಂದು ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಉಳಿದ ಮೂರು ಮಿತಿ ಮೀರಲಾರವು ಎಂಬ ತರ್ಕ ಏರಿಯಾನ್ 4ರ ಪಥಕ್ಕೆ ನಿಜವಾಗಿತ್ತು. ಹೊಸ ರಾಕೆಟ್ಟಿನ ಪಥ ಬೇರೆ. ಆ ಪಥದ ದತ್ತಾಂಶ ಘಟಕದ ಅಗತ್ಯಗಳ ದಾಖಲೆಯೊಳಗೆ ಬರಲೇ ಇಲ್ಲ, ಆ ಪಥವನ್ನು ಉಣಿಸಿ ಘಟಕವನ್ನು ಪರೀಕ್ಷಿಸಲೂ ಇಲ್ಲ. ದುರಂತದ ನಂತರ ಹಾಗೆ ಸಿಮ್ಯುಲೇಷನ್ ಮಾಡಿದಾಗ ಅದೇ ವೈಫಲ್ಯ ಮರುಕಳಿಸಿತು.

ಆದ್ದರಿಂದ ಊಹೆಗಳಿಗೆ ಪ್ರತ್ಯೇಕ ಪಟ್ಟಿ ಬೇಕು, ಮತ್ತು ಹಳೆಯ ಭಾಗವನ್ನು ಮರುಬಳಸುವಾಗ ಮೊದಲು ತೆರೆಯಬೇಕಾದ ಕಡತ ಅದೇ. ಪ್ರತಿ ಸಾಲಿನಲ್ಲೂ ಊಹೆ, ಅದು ಯಾವ ಪರಿಸ್ಥಿತಿಯಲ್ಲಿ ನಿಜ, ತಪ್ಪಾದರೆ ಏನೇನು ಬದಲಿಸಬೇಕು, ತಿಳಿಯಲು ಅತಿ ಅಗ್ಗದ ಪ್ರಯೋಗ ಯಾವುದು, ಯಾರು, ಯಾವ ತಾರೀಖಿನೊಳಗೆ. ತಪ್ಪಾದರೆ ಹೆಚ್ಚು ನಷ್ಟ ಮಾಡುವ, ಆದರೆ ಆಧಾರ ತೆಳುವಾಗಿರುವ ಊಹೆಗಳನ್ನು ಮೇಲೆ ತನ್ನಿ. ಅವನ್ನು ಪರೀಕ್ಷಿಸುವುದೇ ಮೊದಲ ತಿಂಗಳ ಕಾರ್ಯಕ್ರಮ. ತಂಡಗಳು ತಮಗೆ ಚೆನ್ನಾಗಿ ಬರುವ ಕೆಲಸದಿಂದ ಶುರುಮಾಡಲು ಇಷ್ಟಪಡುತ್ತವೆ. ಗಾಡಿಯ ಉದಾಹರಣೆಯಲ್ಲಿ ಪರದೆಯ ವಿನ್ಯಾಸ ಮೊದಲು ಮುಗಿಯುತ್ತದೆ, ಸರಕು ಹೇರಿದ ಗಾಡಿಯ ಬ್ರೇಕ್ ಪರೀಕ್ಷೆ ಕೊನೆಗೆ ಉಳಿಯುತ್ತದೆ. ಮೋಟಾರಿಲ್ಲದ ಚೌಕಟ್ಟಿಗೆ ಚಕ್ರ, ಬ್ರೇಕ್ ಕೂರಿಸಿ, ಮರಳುಚೀಲ ಹೇರಿ, ಇಳಿಜಾರಿನಿಂದ ಬಿಟ್ಟು ನಿಲ್ಲಿಸಿ ಅಳೆದರೆ 1.2 ಎಂಬ ಊಹೆ ‘ಅಳೆದದ್ದು’ ಆಗುತ್ತದೆ.

ಸಿಮ್ಯುಲೇಷನ್ ಮೇಲೆ ಎಷ್ಟು ನಂಬಿಕೆ

ಮಾಡೆಲ್ ಕಟ್ಟುವ ಮೊದಲು ಅದು ಉತ್ತರಿಸಬೇಕಾದ ಪ್ರಶ್ನೆಯನ್ನು ಬರೆಯಿರಿ. ಮೇಲಿನ ನಿಲುಗಡೆಯ ಪ್ರಶ್ನೆಗೆ ಸ್ಪ್ರೆಡ್‌ಶೀಟ್ ಸಾಕು. ಬ್ರೇಕ್ ಹಿಡಿದಾಗ ಎತ್ತರದ ಸರಕು ಮುಂದಕ್ಕೆ ಬಾಗುತ್ತದೆಯೇ ಎಂಬುದಕ್ಕೆ ಚಲನೆಯ ಮಾಡೆಲ್ ಬೇಕು. ನೆಟ್‌ವರ್ಕ್ ತುಂಬಿದಾಗ ಸಂದೇಶ ಎಷ್ಟು ತಡವಾಗುತ್ತದೆಂದು ನಿಜವಾದ ಬೋರ್ಡುಗಳೇ ಹೇಳಬೇಕು. ಎರಡು ತಂಡಗಳ ಮಾಡೆಲ್‌ಗಳನ್ನು ಜೋಡಿಸಿ ಓಡಿಸುವಾಗ ಒಂದು ಬಲೆ ಇದೆ: ಅವು 10 ಮಿಲಿಸೆಕೆಂಡಿಗೊಮ್ಮೆ ಬೆಲೆ ವಿನಿಮಯ ಮಾಡಿಕೊಂಡರೆ ನಿಜದಲ್ಲಿ ಇಲ್ಲದ 10 ಮಿಲಿಸೆಕೆಂಡ್ ತಡ ಲೆಕ್ಕದೊಳಗೆ ನುಸುಳುತ್ತದೆ, ಸ್ಥಿರವಾದ ನಿಯಂತ್ರಣವೂ ತೂಗಾಡುವಂತೆ ಕಾಣಬಹುದು. ವಿನಿಮಯದ ಅವಧಿಯನ್ನು 5ಕ್ಕೆ ಇಳಿಸಿ ಮತ್ತೆ ಓಡಿಸಿ. ಉತ್ತರ ಗಮನಾರ್ಹವಾಗಿ ಬದಲಾದರೆ ನೀವು ನೋಡುತ್ತಿದ್ದದ್ದು ಗಾಡಿಯ ಗುಣವಲ್ಲ, ಜೋಡಣೆಯ ಗುಣ.

ಭಾಗ ಮಾಡಿದವರೇ ಅದರ ಅಳತೆಗೋಲನ್ನೂ ಮಾಡಿದರೆ ಏನಾಗುತ್ತದೆಂದು ಹಬಲ್ ದೂರದರ್ಶಕ ತೋರಿಸಿತು. 2.4 ಮೀಟರ್ ಮುಖ್ಯ ಕನ್ನಡಿಯನ್ನು ಉಜ್ಜಲು ದಾರಿ ತೋರಿದ ಸಾಧನದಲ್ಲೇ ಒಂದು ಮಸೂರ ಸುಮಾರು 1.3 ಮಿಲಿಮೀಟರ್ ತಪ್ಪು ಜಾಗದಲ್ಲಿತ್ತು. ಕನ್ನಡಿ ಆ ಸಾಧನಕ್ಕೆ ಅತಿ ನಿಖರವಾಗಿ ಹೊಂದಿತು, ಅಂದರೆ ಅತಿ ನಿಖರವಾಗಿ ತಪ್ಪಾಯಿತು. ಬೇರೆ ಪರೀಕ್ಷಾ ಸಾಧನಗಳು ದೋಷದ ಸುಳಿವು ಕೊಟ್ಟಿದ್ದವು. ಅವು ಕಡಿಮೆ ನಿಖರವೆಂದು ಬದಿಗಿಟ್ಟರು. 1990ರ ಏಪ್ರಿಲ್‌ನಲ್ಲಿ ಹಾರಿದ ಮೇಲೆ ಚಿತ್ರಗಳು ಮಸುಕಾಗಿ ಬಂದವು, ತಿದ್ದಲು 1993ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಒರಟಾದ, ಆದರೆ ಸ್ವತಂತ್ರವಾದ ಅಳತೆಯೊಂದು ನಯವಾದ ಅಳತೆಗೆ ತಾಳೆಯಾಗದಿದ್ದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಒರಟು ಅಳತೆಯಿಂದ ಸೂಕ್ಷ್ಮ ದೋಷ ಸಿಗದಿರಬಹುದು, ದೊಡ್ಡ ದೋಷವನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ.

ಇನ್ನೊಂದು ಪ್ರಕರಣ ಇದಕ್ಕಿಂತ ಸಮಾಧಾನ ಕೊಡುವಂಥದ್ದು. ಶನಿಯ ಉಪಗ್ರಹ ಟೈಟನ್ ಮೇಲೆ ಇಳಿಯಬೇಕಿದ್ದ ಹ್ಯೂಜೆನ್ಸ್ ಶೋಧಕದ ಮಾತನ್ನು ಕ್ಯಾಸಿನಿ ನೌಕೆಯ ರಿಸೀವರ್ ಕೇಳಬೇಕಿತ್ತು. ಎರಡರ ನಡುವಿನ ವೇಗದಿಂದಾಗಿ ರೇಡಿಯೋ ಆವರ್ತನ ಸರಿಯುವುದನ್ನು ವಿನ್ಯಾಸದಲ್ಲಿ ಗಮನಿಸಿದ್ದರು. ಅದೇ ಕಾರಣಕ್ಕೆ ದತ್ತಾಂಶದ ಬಿಟ್ ವೇಗವೂ ಸರಿಯುತ್ತದೆ ಎಂಬುದನ್ನು ರಿಸೀವರ್ ಸಂಭಾಳಿಸುವಂತಿರಲಿಲ್ಲ. 1997ರಲ್ಲಿ ಉಡಾವಣೆಯಾದ ಮೇಲೆ, 2000ದಲ್ಲಿ, ಭೂಮಿಯಿಂದ ಹ್ಯೂಜೆನ್ಸ್‌ನಂತೆಯೇ ಸರಿದ ಸಿಗ್ನಲ್ ಕಳುಹಿಸಿ ಪರೀಕ್ಷಿಸಿದಾಗ ಇದು ಗೊತ್ತಾಯಿತು. ಸಿಗ್ನಲ್ ಬಲವಾಗಿತ್ತು, ದತ್ತಾಂಶ ಹಾಳಾಗಿತ್ತು. ಹಾರ್ಡ್‌ವೇರ್ ಕೈಗೆ ಸಿಗುವಂತಿರಲಿಲ್ಲ, ಆದರೆ ವರ್ಷಗಳ ಸಮಯವಿತ್ತು. ಕ್ಯಾಸಿನಿಯ ಪಥವನ್ನೇ ಬದಲಿಸಿ ಸಾಪೇಕ್ಷ ವೇಗ ಕಡಿಮೆಯಾಗುವಂತೆ ಮಾಡಿದರು. 2005ರ ಜನವರಿ 14ರಂದು ಹ್ಯೂಜೆನ್ಸ್ ಇಳಿದು ಮಾತಾಡಿತು. ರಿಸೀವರ್ ಬೇರೆ, ಟ್ರಾನ್ಸ್‌ಮಿಟರ್ ಬೇರೆ ಪಾಸಾಗಿದ್ದವು. ಬಳಕೆಯ ಸ್ಥಿತಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆಸಿದ ಒಂದೇ ಪರೀಕ್ಷೆ ಇಡೀ ಯಾತ್ರೆಯ ಆ ಭಾಗವನ್ನು ಉಳಿಸಿತು.

ಸಭೆ, ಮತ್ತು ಬದಲಾವಣೆ

ಸಭೆಗಳ ಬಗ್ಗೆ ಹೇಳುವುದು ಸ್ವಲ್ಪವೇ. ಒಂದು ಇಂಟರ್‌ಫೇಸ್‌ಗೆ ಅರ್ಧ ಗಂಟೆ ಸಾಕು. ಎರಡು ಕಡೆಯಿಂದ ಕೋಡು ಬರೆಯುವವರು, ತಂತಿ ಎಳೆಯುವವರು ಬರಬೇಕು. ಓದುವ ಕಡೆಯವರು ಹಾಳೆಯನ್ನು ಮುಚ್ಚಿಟ್ಟು ತಮಗೆ ಅರ್ಥವಾದದ್ದನ್ನು ಬೋರ್ಡಿನ ಮೇಲೆ ಕಾಲರೇಖೆಯಾಗಿ ಬಿಡಿಸಲಿ, ಬರೆದವರು ತಿದ್ದಲಿ. ‘ಎಲ್ಲರಿಗೂ ಅರ್ಥವಾಯಿತಲ್ಲ?’ ಎಂಬ ಪ್ರಶ್ನೆಗೆ ಇಲ್ಲವೆನ್ನುವವರು ಇಲ್ಲವೇ ಇಲ್ಲ, ಆದ್ದರಿಂದ ಆ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅನುಮಾನ ಬಂದವರು ಇಮೇಲಿನಲ್ಲಿ ಬಿಡದೆ ದೋಷಪಟ್ಟಿಯಲ್ಲಿ ಸಂಖ್ಯೆ ಕೊಟ್ಟು ದಾಖಲಿಸಬೇಕು, ಪುರಾವೆ ಇಲ್ಲದಿದ್ದರೂ ಸರಿ. ಅದನ್ನು ಮುಚ್ಚುವ ಅಧಿಕಾರ ದಾಖಲಿಸಿದವರಿಗೇ ಇರಲಿ.

ಹಾಳೆಯಲ್ಲಿ ಒಂದು ಸಂಖ್ಯೆ ಬದಲಾದರೆ ಆವೃತ್ತಿ ಏರಬೇಕು, ಸ್ಟಬ್ ಅದೇ ದಿನ ಬದಲಾಗಬೇಕು, ಎಲ್ಲ ತಂಡಗಳ ಪರೀಕ್ಷೆ ಆ ರಾತ್ರಿಯೇ ತಾನಾಗಿ ಓಡಬೇಕು. ಬೆಳಗ್ಗೆ ಯಾರ ಪರೀಕ್ಷೆ ಬಿದ್ದಿದೆಯೋ ಅವರೇ ಆ ಬದಲಾವಣೆ ತಟ್ಟಿದವರು. ಸುತ್ತೋಲೆ ಕಳಿಸಿ ‘ಯಾರಿಗಾದರೂ ತೊಂದರೆಯೇ’ ಎಂದು ಕೇಳಿಕೊಂಡು ಕೂರಬೇಕಿಲ್ಲ. ಸಂದೇಶದೊಳಗೇ ಆವೃತ್ತಿ ಸಂಖ್ಯೆ ಇರಲಿ, ಹೊಂದದಿದ್ದರೆ ಗಾಡಿ ಚಾಲೂ ಆಗಲು ನಿರಾಕರಿಸಲಿ. ಊಹೆಯ ಜಾಗಕ್ಕೆ ಅಳತೆ ಬಂದಾಗ ಹಳೆಯ ಸಂಖ್ಯೆಯನ್ನು ಅಳಿಸಬೇಡಿ, ಪಕ್ಕದ ಕಾಲಂಗೆ ಸರಿಸಿ ತಾರೀಖು ಹಾಕಿ. ಆರು ತಿಂಗಳ ನಂತರ ಬ್ರೇಕಿನ ಸಾಲಿನಲ್ಲಿ 60, 110, 118 ಎಂದು ಮೂರು ಸಂಖ್ಯೆ ಕಂಡರೆ, ಮುಂದಿನ ಗಾಡಿಯ ಲೆಕ್ಕಕ್ಕೆ ಆ ತಂಡದ ಮೊದಲ ಅಂದಾಜಿಗೆ ಎಷ್ಟು ಸೇರಿಸಿಕೊಳ್ಳಬೇಕೆಂದು ತಿಳಿಯುತ್ತದೆ.